ಕುದಿಯದ ನೀರು ಮತ್ತು ಆರೋಗ್ಯ ಮಂತ್ರಿಯ ರಾಜೀನಾಮೆ

ಅಡುಗೆಮನೆಯಲ್ಲಿ ಹೇಳುವ ಸುಳ್ಳು ಸುಳ್ಳೇ ಅಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಿನ್ನೆಯ ಸಾರಿಗೆ ಇವತ್ತಿನ ಒಗ್ಗರಣೆ ಕೊಟ್ಟು ಬಿಸಿಬಿಸಿಯಾಗಿ ಬಡಿಸುವುದು, ಪಲ್ಯಕ್ಕೆ ಉಪ್ಪು ಮರೆತರೆ “ಮಾವನವರ ಬೀಪಿಗೆ ಅಂತ ಬೇಕಂತಲೇ ಕಮ್ಮಿ ಹಾಕಿದೆ” ಎನ್ನುವುದು, ಇವೆಲ್ಲ ಸಂಸಾರದ ಸೌಜನ್ಯಗಳು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಸುಳ್ಳಿನ ವಿಷಯದಲ್ಲಿ ಮಹಾ ಕಟ್ಟುನಿಟ್ಟು, ನಿಜ. ಆದರೆ ಅವರಲ್ಲಿ ಯಾರೂ ಮೂರು ಹೊತ್ತು ನಾಲ್ಕು ಜನಕ್ಕೆ ಅಡುಗೆ ಮಾಡಿದವರಲ್ಲ. ಹೀಗೆ ಸಮಾಧಾನ ಮಾಡಿಕೊಂಡು ನಾನು ಹೇಳಿದ ಒಂದು ಸಣ್ಣ ಸುಳ್ಳಿನಿಂದ ಒಬ್ಬ ಆರೋಗ್ಯ ಮಂತ್ರಿಯ ಕುರ್ಚಿಯೇ ಹೋಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಮಂತ್ರಿ ಬೇರೆ ಯಾರೂ ಅಲ್ಲ, ಆರನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು ಸಿಂಚನ. ಆನವಟ್ಟಿಯ ಹತ್ತಿರದ ನಮ್ಮ ಹಳ್ಳಿಯ ಸರ್ಕಾರಿ ಶಾಲೆಗೆ ಅವಳನ್ನು ಸೇರಿಸಿದ್ದು ನಮ್ಮವರ ಹಟ. “ನಾನು ಪಾಠ ಮಾಡೋದು ಸರ್ಕಾರಿ ಹೈಸ್ಕೂಲಲ್ಲಿ, ನನ್ನ ಮಗಳು ಓದೋದೂ ಸರ್ಕಾರಿ ಶಾಲೇಲಿ” ಎಂದುಬಿಟ್ಟರು. ಶಿಕಾರಿಪುರದಿಂದ ನನ್ನ ಅಪ್ಪ ಫೋನು ಮಾಡಿ, “ನಿನ್ನ ಕಾನ್ವೆಂಟಿಗೆ ಹಾಕಿ ಓದಿಸಿದ್ದು ಇದಕ್ಕೇನವಾ?” ಎಂದು ನೊಂದುಕೊಂಡಿದ್ದರು. ಮೊಮ್ಮಗಳು ಶಾಲಾ ಮಂತ್ರಿಮಂಡಲದಲ್ಲಿ ಆರೋಗ್ಯ ಮಂತ್ರಿಯಾದಳೆಂದು ತಿಳಿದ ದಿನ ಅದೇ ಅಪ್ಪ, “ನಮ್ಮ ಮನೆತನದಾಗ ಮೊದಲ್ನೇ ಮಂತ್ರಿ ನೋಡವಾ” ಎಂದು ಪೇಟೆಯಲ್ಲಿ ಪೇಡೆ ಹಂಚಿ ಬಂದರಂತೆ.

ಪ್ರಾರ್ಥನೆಯ ಹೊತ್ತಿಗೆ ಪ್ರಮಾಣವಚನವಾಯಿತು. ಆರೋಗ್ಯ ಮಂತ್ರಿಯ ಕೆಲಸ ಪ್ರತಿ ಸೋಮವಾರ ಎಲ್ಲರ ಉಗುರು ನೋಡುವುದು, ಊಟಕ್ಕೆ ಮೊದಲು ಕೈ ತೊಳೆಸುವುದು, ಔಷಧಿ ಪೆಟ್ಟಿಗೆ ಕಾಯುವುದು. ಅವಳ ಕೈಕೆಳಗೆ ಒಬ್ಬಳು ಉಪ ಮಂತ್ರಿ, ನಮ್ಮ ಎದುರುಮನೆಯ ಸುಜಾತಾಳ ಮಗಳು ಪೂರ್ವಿ. ಇಲಾಖೆಗೆ ಇದ್ದದ್ದು ಒಂದೇ ನೇಲ್ ಕಟರ್. ಭಿನ್ನಮತ ಹುಟ್ಟಿದ್ದೇ ಅಲ್ಲಿ. ಉದ್ದ ಉಗುರಿನವರ ಹೆಸರು ಬರೆಯುವ ನೋಟ್‌ಬುಕ್ಕು ಮಂತ್ರಿಯ ಬಳಿ, ಕಟರ್ ಉಪ ಮಂತ್ರಿಯ ಬಳಿ. ಇವಳು ಹೆಸರು ಬರೆದರೆ ಅವಳು “ಇವತ್ತು ಕಟರ್ ತಂದಿಲ್ಲ” ಎನ್ನುವಳು. ಅವಳು ಕತ್ತರಿಸಿದ ಉಗುರಿಗೆ ಇವಳು “ನೋಟ್‌ಬುಕ್ಕಲ್ಲಿ ಹೆಸರೇ ಇಲ್ಲ, ಯಾರನ್ನ ಕೇಳಿ ಕತ್ತರಿಸಿದೆ?” ಎಂದು ವಿವರಣೆ ಕೇಳುವಳು. ಮಂತ್ರಿಮಂಡಲ ಎರಡು ಬಣವಾಯಿತು. ಕ್ರೀಡಾ ಮಂತ್ರಿ ಪೂರ್ವಿಯ ಕಡೆ, ಗ್ರಂಥಾಲಯ ಮಂತ್ರಿ ನಮ್ಮ ಕಡೆ. ನಮ್ಮ ಕಡೆ ಎನ್ನುತ್ತಿದ್ದೇನೆ, ನೋಡಿ! ಉಗುರು ತೋರಿಸು ಎಂದರೆ ಎರಡು ಕೈಯನ್ನೂ ಚಾಚಿ, ಬೈಯುವ ಮೊದಲೇ “ಸಾರಿ ಸಿಸ್ಟರ್” ಎನ್ನುತ್ತಿದ್ದ ಹುಡುಗಿ ನಾನು. ನನ್ನ ಹೊಟ್ಟೆಯಲ್ಲಿ ಇಂಥವಳೊಬ್ಬಳು ಹುಟ್ಟಿದಳಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮಳೆ ಶುರುವಾಗಿ ನಲ್ಲಿಯಲ್ಲಿ ಚಹಾ ಬಣ್ಣದ ನೀರು ಬರತೊಡಗಿದಾಗ ಆಶಾ ಕಾರ್ಯಕರ್ತೆ ಶಾಲೆಗೆ ಬಂದು, ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ ಎಂದು ಹೇಳಿ ಹೋದರು. ಸಿಂಚನ ಅದನ್ನು ತನ್ನ ಇಲಾಖೆಯ ಕೆಲಸವೆಂದೇ ಹೊತ್ತುಕೊಂಡಳು. ದಿನಾ ಬೆಳಿಗ್ಗೆ ಬಾಟಲಿಗಳ ತಪಾಸಣೆ. “ನಿಮ್ಮನೇಲಿ ಎಷ್ಟು ನಿಮಿಷ ಕುದಿಸ್ತಾರೆ?” ಎಂದು ಒಂದನೇ ಕ್ಲಾಸಿನವರನ್ನೂ ಬಿಡಲಿಲ್ಲ. ಮೊದಲ ವಾರ ನಾನೂ ಭಕ್ತಿಯಿಂದ ಕುದಿಸಿದೆ. ಎರಡನೇ ವಾರ ಬಿಸಿ ಮಾಡಿದೆ. ಮೂರನೇ ವಾರದಿಂದ ಸ್ಟೀಲಿನ ಫಿಲ್ಟರಿನ ನೀರನ್ನೇ ಬಾಟಲಿಗೆ ತುಂಬಿ, “ಕುದಿಸಿದೀಯಲ್ಲಮ್ಮ?” ಎಂದರೆ “ಹೂಂ ಕಣೆ” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರ್ಕಾರ ಉಳಿಯುತ್ತಿತ್ತೇನೋ. ಒಂದು ಮಧ್ಯಾಹ್ನ ಕಾಂಪೌಂಡಿನ ಬಳಿ ಸುಜಾತಾ ಸಿಕ್ಕಾಗ, “ದಿನಾ ಯಾರ್ರೀ ಕುದಿಸ್ತಾರೆ? ನಾನಂತೂ ಫಿಲ್ಟರಿಂದೇ ತುಂಬೋದು” ಎಂದು ನಕ್ಕೆ. ಅವಳೂ ನಕ್ಕಳು. ಅವಳ ಹಿಂದೆ ಮೆಟ್ಟಿಲ ಮೇಲೆ ಉಪ ಮಂತ್ರಿ ಕುಳಿತು ಹೋಂವರ್ಕ್ ಬರೆಯುತ್ತಿದ್ದಳು.

ಆ ದಿನಗಳಲ್ಲೇ ಟೀವಿಯಲ್ಲೂ ಇನ್ನೊಬ್ಬ ಆರೋಗ್ಯ ಮಂತ್ರಿಯ ಪ್ರಕರಣ ನಡೆದಿತ್ತು. ನಮ್ಮ ರಾಜ್ಯದವರಲ್ಲ, ಬೇರೆಲ್ಲಿಯವರೋ. ಅವರದೇ ಇಲಾಖೆಯಲ್ಲಿ ಅವರದೇ ಪಕ್ಷದವರು ತಿರುಗಿಬಿದ್ದಿದ್ದರು. ಬೆಳಿಗ್ಗೆ ಕೊಟ್ಟರು ಎನ್ನುತ್ತಿದ್ದ ರಾಜೀನಾಮೆಯನ್ನು ಸಂಜೆ ಕೊಟ್ಟಿಲ್ಲ ಎನ್ನುತ್ತಿದ್ದರು. ನಮ್ಮ ಮಾವನವರು ಚಹಾ ಕುಡಿಯುತ್ತಾ ಮೊಮ್ಮಗಳಿಗೆ ರಾಜನೀತಿ ಹೇಳಿಕೊಟ್ಟರು: “ರಾಜೀನಾಮೆ ಅನ್ನೋದು ಜೇಬಲ್ಲಿ ಇಟ್ಕಣಾಕೆ ಪುಟ್ಟಿ. ಆಗಾಗ ತೆಗೆದು ತೋರ್ಸಾಕೆ. ಕೊಡಾಕಲ್ಲ.” ಕಡೆಗೆ ಆ ಮಂತ್ರಿ ಅನಾರೋಗ್ಯದ ಕಾರಣ ನೀಡಿ ರಾಜೀನಾಮೆ ಕೊಟ್ಟರು. ಟೀವಿಯಲ್ಲಿ ನೋಡಿದರೆ ಗುಂಡುಕಲ್ಲಿನ ಹಾಗಿದ್ದರು.

ಅದೇ ಶನಿವಾರ ಶಾಲೆಯಲ್ಲಿ ಸಂಪುಟ ಸಭೆ. ಬಾಟಲಿ ತಪಾಸಣೆ ಜಾಸ್ತಿಯಾಯಿತೆಂದು ಕ್ರೀಡಾ ಮಂತ್ರಿ ಗೊಣಗಿದ್ದೇ ತಡ, ಪೂರ್ವಿ ಎದ್ದು ನಿಂತಳಂತೆ. “ಮೊದ್ಲು ಇವಳ ಮನೇಲಿ ಕುದಿಸ್ತಾರಾ ಕೇಳಿ. ಇವರಮ್ಮನೇ ಇಲ್ಲ ಅಂದಿದಾರೆ, ನಾನೇ ಕೇಳಿಸ್ಕಂಡಿದೀನಿ.” ನನ್ನ ಮಗಳು ಅಷ್ಟೇ ಜೋರಾಗಿ, “ನಮ್ಮಮ್ಮ ಸುಳ್ಳು ಹೇಳಲ್ಲ. ಅದು ನಿಜ ಆದ್ರೆ ಸೋಮವಾರ ರಾಜೀನಾಮೆ ಕೊಡ್ತೀನಿ” ಎಂದು ಎಲ್ಲರೆದುರು ಹೇಳಿ ಬಂದಿದ್ದಳು.

ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. “ಅಮ್ಮ, ನೀನು ಕುದಿಸ್ತೀಯ ಅಲ್ವಾ?”

“ಹೂಂ” ಎಂದಿದ್ದರೆ ಅವಳ ಮಂತ್ರಿಗಿರಿ ಉಳಿಯುತ್ತಿತ್ತು. ಬಾಯಿಯ ತನಕ ಬಂದೂ ಇತ್ತು. ಆದರೆ ಅವಳ ಬೆವರಿದ ಹಣೆ, ಎದೆಯ ಮೇಲೆ ಒಂದೇ ಪಿನ್ನಿನಲ್ಲಿ ಓರೆಯಾಗಿ ನೇತಾಡುತ್ತಿದ್ದ ‘ಆರೋಗ್ಯ ಮಂತ್ರಿ’ ಎಂಬ ರಟ್ಟಿನ ಬಿಲ್ಲೆ, ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೂಂ ಎನ್ನುತ್ತೇನೆಂಬ ಆ ಭರವಸೆ... ನನ್ನ ಕಣ್ಣು ತಾನಾಗಿ ಫಿಲ್ಟರಿನ ಕಡೆ ಹೋಯಿತು. “ಮೊದಲ ವಾರ ಕುದಿಸಿದ್ದೆ ಕಣೆ. ಸಾರಿ” ಎಂದೆ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬಿಲ್ಲೆಯ ಪಿನ್ನು ತೆಗೆದು, ಕೈಕಾಲು ತೊಳೆದು, ಹಾಳೆ ಹರಿದುಕೊಂಡು ಕುಳಿತಳು. ನನಗೆ ಸಂಕಟವಾಗಿ ಪಕ್ಕದಲ್ಲಿ ಕುಳಿತು, “ಅನಾರೋಗ್ಯದ ಕಾರಣ ಅಂತ ಬರಿ ಪುಟ್ಟಿ. ದೊಡ್ಡೋರೆಲ್ಲ ಹಂಗೇ ಬರೆಯೋದು” ಎಂದೆ.

“ನಂಗೇನಾಗಿದೆ? ಗಟ್ಟಿಯಾಗೇ ಇದೀನಲ್ಲ.”

“ಜೇಬಲ್ಲಿ ಇಟ್ಕ ಸಾಕು” ಎಂದರು ಮಾವನವರು ನಡುಮನೆಯಿಂದಲೇ.

“ಯೂನಿಫಾರ್ಮಿಗೆ ಜೇಬಿಲ್ಲ ಅಜ್ಜ.”

ಅವಳು ಬರೆದದ್ದು ಇಷ್ಟು: “ನಮ್ಮ ಮನೆಯಲ್ಲಿ ನೀರು ಕುದಿಸುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ನಾನು ಮಂತ್ರಿಯಾಗಿದ್ದರಿಂದ ನೋಡಬೇಕಾಗಿತ್ತು. ಅದಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ.” ನನ್ನ ಹೆಸರಿಲ್ಲ, ಪೂರ್ವಿಯ ಮೇಲೆ ದೂರಿಲ್ಲ. ಮದುವೆಗೆ ಮೊದಲು ಮಾಡುತ್ತಿದ್ದ ಒಂದು ಚಿಕ್ಕ ಕೆಲಸ ಬಿಡುವಾಗ ನಾನು ಬರೆದ ಪತ್ರದಲ್ಲಿ ಎರಡು ಪುಟ ಕ್ಷಮೆ ಕೇಳಿಯೂ ನಿಜವಾದ ಕಾರಣ ಬರೆದಿರಲಿಲ್ಲ. ಆ ನಾಲ್ಕು ಸಾಲಿನ ಹಾಳೆಯನ್ನು ಓದಿ ನಮ್ಮವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟೆ.

ಸೋಮವಾರ ಹೆಡ್‌ಮೇಷ್ಟ್ರು ಸಮಾಧಾನ ಹೇಳಿ ನೋಡಿದರಂತೆ, ಇವಳು ಒಪ್ಪಲಿಲ್ಲ. ಪೂರ್ವಿ ಆರೋಗ್ಯ ಮಂತ್ರಿಯಾದಳು. ಸಂಜೆ ಸುಜಾತಾ ಬಂದು, “ನನ್ ಮಗಳ ಬಾಯಿಗೆ ಬೀಗ ಹಾಕ್ಬೇಕು ಕಣ್ರೀ, ಬೇಜಾರಾಗ್ಬೇಡಿ” ಎಂದು ಕೈ ಹಿಡಿದುಕೊಂಡಳು. ಬೀಗ ಬೇಕಾದದ್ದು ಯಾರ ಬಾಯಿಗೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ನಿಜವಾದ ಆಶ್ಚರ್ಯ ಮರುದಿನ ಬಂತು. ಪೂರ್ವಿಯ ಮೊದಲ ಆದೇಶವೇ ಸಿಂಚನ ಉಪ ಮಂತ್ರಿಯಾಗಬೇಕು ಎಂಬುದು. “ಒಬ್ಬಳಿಗೇ ಆಗಲ್ಲ ಮಾರಾಯ್ತಿ, ಎಷ್ಟೊಂದು ಉಗುರು!” ಎಂದಳಂತೆ. ಇವಳು ಒಪ್ಪಿ, ನೋಟ್‌ಬುಕ್ಕು ಕೊಟ್ಟು ನೇಲ್ ಕಟರ್ ಇಸಕೊಂಡಳು. ಟೀವಿಯ ಮಂತ್ರಿ ಅಷ್ಟರಲ್ಲಿ ಬೇರೆ ಖಾತೆಗೆ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದರು. ಮಾವನವರು ಟೀವಿ ಆಫ್ ಮಾಡಿ, “ನಮ್ಮ ಪುಟ್ಟೀನೇ ವಾಸಿ” ಎಂದರು.

ಹೊಸ ಮಂತ್ರಿಯ ಮೊದಲ ಮನೆ ತಪಾಸಣೆ ನಮ್ಮಲ್ಲೇ. ಬೆಳಿಗ್ಗೆ ಶಾಲೆಗೆ ಹೊರಟ ಇಬ್ಬರೂ ಅಡುಗೆಮನೆಗೆ ಬಂದು ನಿಂತರು. ನಾನು ದೋಸೆ ಮಗುಚುತ್ತಿದ್ದೆ. “ಆಂಟಿ, ನೀರು ಕುದೀತಾ?” ಎಂದಳು ಪೂರ್ವಿ.

“ಓ, ಆಗಲೇ ಚೆನ್ನಾಗಿ ಕುದೀತು” ಎಂದೆ.

ಪೂರ್ವಿ ಪಾಪ, ನಂಬಿ ನಮ್ಮ ಮನೆಯ ಹೆಸರಿನ ಮುಂದೆ ಸರಿ ಗುರುತು ಹಾಕಲು ಪೆನ್ನು ಊರಿದಳು. ಉಪ ಮಂತ್ರಿ ಪಾತ್ರೆಯ ಮುಚ್ಚಳ ಎತ್ತಿ ಬಗ್ಗಿ ನೋಡಿದಳು.

“ಬರೀಬೇಡ ನಿಲ್ಲೇ, ಇನ್ನೂ ಒಂದು ಗುಳ್ಳೇನೂ ಬಂದಿಲ್ಲ” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಗ್ಯಾಸು ದೊಡ್ಡದು ಮಾಡಿ, ಹಳೆಯ ಅಭ್ಯಾಸದಂತೆ ಎರಡೂ ಕೈ ಮುಂದೆ ಚಾಚಿದೆ. ಅವಳು ನನ್ನ ಉಗುರಿನ ಸಂದಿಯ ಹಿಟ್ಟು ನೋಡಿ, ಚೀಲದಿಂದ ನೇಲ್ ಕಟರ್ ತೆಗೆದಳು.