ಲ್ಯಾಂಡ್‌ಮಾಸ್ಟರ್ ಸ್ಟಾಪು

ನಮ್ಮ ತಿಪಟೂರು, ತುರುವೇಕೆರೆ ಕಡೆ ಯಾವ ಕಾರೂ ಕೆಟ್ಟು ನಿಲ್ಲಬಾರದು. ನಿಂತರೆ ಆ ಜಾಗಕ್ಕೆ ಜನ ಕಾರಿನ ಹೆಸರನ್ನೇ ಇಟ್ಟುಬಿಡ್ತಾರೆ. ಕಂದಿಕೆರೆ ದಾರಿಯಲ್ಲಿ ಡಾಕ್ಟರ ಹೆರಾಲ್ಡ್ ಕಾರು ಹಳ್ಳಕ್ಕೆ ಇಳಿದದ್ದು ಒಂದೇ ಸಲ. ಅವತ್ತಿಂದ ಅದು ಹೆರಾಲ್ಡ್ ಹಳ್ಳ. ಡಾಕ್ಟರು ಬೇಜಾರಾಗಿ ವರ್ಗ ಮಾಡಿಸಿಕೊಂಡು ಹೋದರು. ನಾನು ತುರುವೇಕೆರೆಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವನು, ನನಗೆ ವರ್ಗ ಎಲ್ಲಿಂದ ಬರಬೇಕು?

೧. ಟಿಕೆಟ್ಟು

ನನ್ನದು ಮೂರು ಕೈ ದಾಟಿ ಬಂದ ಲ್ಯಾಂಡ್‌ಮಾಸ್ಟರ್ ಕಾರು. ವಯಸ್ಸಾಗಿತ್ತು, ಪಾಪ. ಎಪ್ಪತ್ತರ ದಶಕದ ಕೊನೇಲಿ, ದಂಡಿನಶಿವರದ ದಾರಿಯ ಒಂದು ಕವಲಲ್ಲಿ ಹುಣಸೇಮರದ ಕೆಳಗೆ ನಿಂತಿತು, ಮತ್ತೆ ಏಳಲಿಲ್ಲ. ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ, ಮುಚ್ಚಿ ಸೈಕಲ್ ಹತ್ತಿದ. ಅಲ್ಲೇ ಬಿಟ್ಟು ಬಂದೆ.

ಆಮೇಲೆ ನನಗೂ ಬಸ್ಸೇ ಗತಿ. ಒಂದು ದಿನ ಮಾವನ ತೋಟಕ್ಕೆ ಹೊರಟು, ಕವಲಿಗೆ ಒಂದು ಟಿಕೆಟ್ ಕೊಡಪ್ಪ ಅಂದೆ. ಅಂಥ ಸ್ಟಾಪೇ ಇಲ್ಲ ಅಂದ ಕಂಡಕ್ಟರು. ಅದೇ, ಹುಣಸೇಮರದ ಕೆಳಗೆ ಒಂದು ಕಾರು ನಿಂತಿದೆಯಲ್ಲ ಅಂದೆ.

"ಲ್ಯಾಂಡ್‌ಮಾಸ್ಟರ್ ಅನ್ನಿ ಮತ್ತೆ," ಅಂತ ಟಿಕೆಟ್ ಹರಿದು ಕೊಟ್ಟ.

ಊರನ್ನೆಲ್ಲ ಹೊತ್ತು ತಿರುಗಿದವನು, ನನ್ನ ಕಾರಿನ ಹತ್ರ ಹೋಗೋಕೆ ನಾನೇ ಕಾಸು ಕೊಟ್ಟೆ.

೨. ಅಭಿಮಾನ

ಇನ್ನೊಂದು ಸಲ ಬಸ್ಸು ಕಾಯುತ್ತಾ ಅದರ ಬಾನೆಟ್ ಮೇಲೆ ಕೂತಿದ್ದೆ. ಚಿಕ್ಕನಾಯಕನಹಳ್ಳಿ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಸೈಕಲ್ಲಿಂದ ಇಳಿದು, ಲ್ಯಾಂಡ್‌ಮಾಸ್ಟರ್ ಅನ್ನೋ ಊರು ಇನ್ನೆಷ್ಟು ದೂರ ಅಂತ ಕೇಳಿದರು. ಇದೇ ಅಂದೆ. ಕಾರಿನ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಮುಖ ಅರಳಿತು.

"ಪುಣ್ಯವಂತ್ರು ಕಣ್ರೀ ನೀವು. ಕಾರು ಮಾಡೋರು ನಿಮ್ಮೂರ ಹೆಸ್ರೇ ಇಟ್ಟವ್ರೆ. ನಮ್ಮೂರ ಹೆಸ್ರು ಒಂದು ಎತ್ತಿನ ಗಾಡಿಗೂ ಇಲ್ಲ."

ಬಿಡಿಸಿ ಹೇಳೋ ತ್ರಾಣ ನನಗಿರಲಿಲ್ಲ. ಎಲ್ಲ ದೇವರ ದಯೆ ಅಂದೆ.

೩. ಬಾಗಿಲು

ಸಾಕಪ್ಪಾ ಸಾಕು ಅನ್ನಿಸಿತು. ನನಗೆ ಬೇಕಿದ್ದದ್ದು ಒಂದೇ, ಆ ಕಾರಿನ ಋಣ ಹರಿಯಬೇಕು. ನನ್ನ ಹೆಂಡತಿಯಂತೂ ತವರಿಗೆ ಹೋಗುವಾಗ ಕಂಡಕ್ಟರು ಆ ಸ್ಟಾಪಿನ ಹೆಸರು ಕೂಗಿದರೆ ಮುಖ ಆ ಕಡೆ ತಿರುಗಿಸುತ್ತಿದ್ದಳು. ಕೊನೆಗೆ ತಿಪಟೂರಿನ ಗುಜರಿಯವನಿಗೆ ಮಾರಿದೆ. ಲಾರಿಗೆ ಹೇರಿಕೊಂಡು ಹೋದ. ಅವತ್ತು ನೆಮ್ಮದಿಯಾಗಿ ಒಂದು ಮುದ್ದೆ ಜಾಸ್ತಿ ಉಂಡು ಮಲಗಿದೆ.

ವಾರದೊಳಗೆ ಕವಲಿನ ಸುತ್ತಲ ತೋಟದವರೆಲ್ಲ ಬಂದು ನಮ್ಮ ಜಗಲಿ ತುಂಬ ಕೂತರು. ಬಸ್ಸಿಗೆ ಹೊಸ ಡ್ರೈವರಂತೆ. ಲ್ಯಾಂಡ್‌ಮಾಸ್ಟರ್ ಅಂದ್ರೆ ಕಾರು ಕಾಣಬೇಕು, ಕಾರಿಲ್ಲ ಅಂದ್ಮೇಲೆ ಸ್ಟಾಪೂ ಇಲ್ಲ ಅಂತ ನಿಲ್ಲಿಸದೆ ಹೋಗ್ತಾನಂತೆ. ಹೆಂಗಸರು ಕಾಯಿ ಚೀಲ ಹೊತ್ತು ಮುಂದಿನ ಊರಿಂದ ವಾಪಸ್ ನಡೀಬೇಕಂತೆ. ಮಾರಿದವನು ನೀನು, ತರಬೇಕಾದವನೂ ನೀನೇ ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಅವರ ಕಷ್ಟ ನೋಡಿದರೆ ಇಲ್ಲ ಅನ್ನೋಕೂ ಆಗಲಿಲ್ಲ.

ಗುಜರಿಗೆ ಓಡಿದೆ. ಅವನು ಆಗಲೇ ಕತ್ತರಿಸಿ ಹಾಕಿದ್ದ. ಉಳಿದಿದ್ದು ಒಂದು ಬಾಗಿಲು. ಅದನ್ನೇ ಬಸ್ಸಿನ ಟಾಪಿಗೆ ಹಾಕಿಕೊಂಡು ತಂದೆ. ಹುಣಸೇಮರದ ಕೆಳಗೆ ಗುಂಡಿ ತೆಗೆದು ನೆಟ್ಟರು. ಕುಂಕುಮ ಇಟ್ಟು ಕಾಯಿ ಒಡೆದರು. ಸಂಜೆ ಬಸ್ಸು ಬಂತು, ಡ್ರೈವರು ಬಾಗಿಲು ನೋಡಿದ, ನಿಲ್ಲಿಸಿದ. ಅಬ್ಬ, ಇಲ್ಲಿಗೆ ಮುಗೀತು ಅಂತ ಟವಲ್ಲು ಕೊಡವಿ ಹೊರಟೆ. ಹಿಂದಿನಿಂದ ಒಬ್ಬ ಹಿರಿಯರು ಕರೆದರು.

"ಇದು ಹೋಗೋ ಬಸ್ಸಿಗಾಯ್ತು ಕಣಪ್ಪ. ಬರೋ ಬಸ್ಸಿಗೆ ಆ ಕಡೆ ಬಾಗ್ಲು ಯಾವಾಗ ತತ್ತೀಯ?"