ಅಡುಗೆವಾಣಿಯ ಎರಡು ಬಾಗಿಲು

ನಂಜನಗೂಡಿನ ವನಜಾಕ್ಷಿ ಮನೆಯಲ್ಲೇ ಅಡುಗೆ ಮಾಡಿ ಊಟ ಕಳಿಸುವ ಕೆಲಸ ಶುರುಮಾಡಿದ ಮೇಲೆ ಸಿಕ್ಕ ಮೊದಲ ದೊಡ್ಡ ಊಟ ಅದು. ಹಿಂದಿನ ಬೀದಿಯಲ್ಲಿ ನಾಮಕರಣ. ಇದು ಚೆನ್ನಾಗಿ ಆದರೆ ನಾಲ್ಕು ಜನ ಕರೆಯುತ್ತಾರೆ, ಕೆಟ್ಟರೆ ಒಲೆ ಆರಿಸಿ ಕೂರಬೇಕು. ಅವತ್ತು ಬೆಳಿಗ್ಗೆಯೇ ಅವಳ ಗಂಡ ಚಂದ್ರಮೌಳಿಗೆ ಹೊಸ ಯಂತ್ರ ತೋರಿಸುವ ಉಮೇದು ಬಂತು. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಮೇಲೆ ಅವನು ಮಾಡಿದ ಒಂದು ಯಂತ್ರ ಮನೆಯ ಬೆಕ್ಕನ್ನು ಓಡಿಸಿತ್ತು, ಇನ್ನೊಂದು ಬಾಡಿಗೆಯವರನ್ನು ಓಡಿಸಿತ್ತು.

"ಇದರ ಹೆಸರು ಅಡುಗೆವಾಣಿ," ಎಂದು ಅವನು ಬೆಂಕಿಪೊಟ್ಟಣದಷ್ಟು ಅಗಲದ ಹಸಿರು ಬಿಲ್ಲೆಯೊಂದನ್ನು ಮಸಾಲೆ ಡಬ್ಬಿಯ ಪಕ್ಕ ಇಟ್ಟ. "ಮೋಡೆಮ್ಮು. ಒಳಗೆ ಸಿಮ್ ಇದೆ. ಅಡುಗೆಮನೆ ಸದ್ದು ಕೇಳಿ, ವಾಸನೆ ನೋಡಿ, ಏನಾಗ್ತಿದೆ ಅಂತ ನಿನ್ನ ಫೋನಿಗೆ ಹೇಳತ್ತೆ. ಇದಕ್ಕೆ ಎರಡು ಬಾಗಿಲು. ಒಂದು ಸೀರಿಯಲ್ಲು."

"ಸಂಜೆ ಟೀವೀಲಿ ಬರತ್ತಲ್ಲ, ಅದಾ?"

"ಅಲ್ಲ ಕಣೆ. ಇದರಲ್ಲಿ ಮಾತು ಒಂದರ ಹಿಂದೆ ಒಂದು ಸಾಲಾಗಿ ನಿಧಾನಕ್ಕೆ ಹೋಗತ್ತೆ."

"ಅದೂ ಹಾಗೇ ಅಲ್ವೇನ್ರಿ. ದಿನಕ್ಕೊಂದು ಮಾತು ಆಡ್ತಾರೆ."

ಅವನು ಗುಂಡಿ ಒತ್ತಿದ. ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಯಂತ್ರ ಉಸಿರೆತ್ತಲಿಲ್ಲ. ಕನ್ನಡಕ ಏರಿಸಿಕೊಂಡು ನೋಡಿದರೆ, ಮಾತಾಡುವ ತಂತಿಯನ್ನು ಮಾತಾಡುವ ತಂತಿಗೇ, ಕೇಳಿಸಿಕೊಳ್ಳುವುದನ್ನು ಕೇಳಿಸಿಕೊಳ್ಳುವುದಕ್ಕೇ ಬೆಸೆದಿದ್ದ.

"ಬಾಯಿಗೆ ಬಾಯಿ ಕಟ್ಟಿಬಿಟ್ಟಿದೀನಿ. ಯಾರಿಗೂ ಕೇಳಿಸ್ತಿಲ್ಲ."

"ನಮ್ಮ ಮನೇಲಿ ಅದೇನು ಹೊಸದಲ್ಲ ಬಿಡಿ," ಎಂದಳು ವನಜಾಕ್ಷಿ.

ತಂತಿ ಅದಲುಬದಲಾಯಿತು. ತಕ್ಷಣ ಅವಳ ಫೋನ್ ರಿಂಗಣಿಸಿ, ಅವಳದೇ ದನಿಯಲ್ಲಿ "ಬೇಳೆ ಬೆಂದಿದೆ" ಎಂದಿತು. ಚಂದ್ರಮೌಳಿಯ ಎದೆ ಪೂರಿಯಂತೆ ಉಬ್ಬಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಇನ್ನೊಂದು ಬಾಗಿಲು ಸುಮ್ಮನೆ ಯಾಕಿರಬೇಕು ಎಂದು ಅವನು ಯುಎಸ್‌ಬಿ ಕೇಬಲ್ಲನ್ನು ತನ್ನ ಕಂಪ್ಯೂಟರಿಗೆ ಚುಚ್ಚಿದ, ಯಂತ್ರಕ್ಕೆ ಒಂದಿಷ್ಟು ಬುದ್ಧಿ ಬರಲಿ ಎಂದು. ಬುದ್ಧಿಯ ಜೊತೆ, ಅವನು ವರ್ಷಗಟ್ಟಲೆ ಕೂಡಿಟ್ಟಿದ್ದ ಫೋನ್ ನಂಬರುಗಳೂ ಅದಕ್ಕೆ ಸಿಕ್ಕವು.

ಮೊದಲು ಫೋನ್ ಬಂದದ್ದು ಗುಂಡ್ಲುಪೇಟೆಯ ಹಳೇ ಸಹೋದ್ಯೋಗಿಯಿಂದ. "ಬೇಳೆ ಬೆಂದಿದೆ ಅಂತ ಮೂರು ಸಲ ಹೇಳಿದ್ರಲ್ಲ ತಾಯಿ. ಬೆಂದಿದ್ರೆ ಇಳಿಸಿ."

ಆಮೇಲೆ ಪಿಂಚಣಿದಾರರೆಲ್ಲ ಒಬ್ಬೊಬ್ಬರಾಗಿ ಕರೆ ಮಾಡತೊಡಗಿದರು. ಒಬ್ಬರು ಉಪ್ಪು ಕಡಿಮೆ ಹಾಕಲು ಹೇಳಿದರು. ಇನ್ನೊಬ್ಬರು ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು.

"ಕಿತ್ತು ಬಿಸಾಕ್ರೀ ಅದನ್ನ."

"ಸೀರಿಯಲ್ ಕೀಳ್ಲಾ, ಯುಎಸ್‌ಬಿ ಕೀಳ್ಲಾ?"

"ಎರಡೂ."

ಎರಡನ್ನೂ ಕಿತ್ತ. ಯಂತ್ರ ಮಾತ್ರ ತನ್ನ ಬ್ಯಾಟರಿಯ ಮೇಲೆ ಹಾಯಾಗಿ ಮಿನುಗುತ್ತಿತ್ತು. ಬುದ್ಧಿ ಬಂದಾಗಿತ್ತು, ಇನ್ನು ಬಾಗಿಲ ಹಂಗು ಯಾಕೆ?

ಈ ಗಲಾಟೆಯಲ್ಲಿ ಒಗ್ಗರಣೆ ಸೀದು ಹೊಗೆ ಎದ್ದಿತು. ಪುಳಿಯೋಗರೆ ಗೊಜ್ಜು ತಳ ಹಿಡಿಯಿತು. ವನಜಾಕ್ಷಿ ಸೌಟು ಕೆಳಗಿಟ್ಟು ಗೋಡೆಗೆ ಒರಗಿದಳು. ಗೊಜ್ಜೆಂದರೆ ಅವಳ ಗಂಡನ ಅಕ್ಕ ಭಾಗೀರಥಿ ಮಾಡಿದ್ದೇ ಆಗಬೇಕು. ಎರಡು ವರ್ಷದ ಹಿಂದೆ ಯಾವುದೋ ಹಬ್ಬದಲ್ಲಿ ಆ ಗೊಜ್ಜಿಗೆ "ಹುಳಿ ಜಾಸ್ತಿಯಾಯ್ತು ಅತ್ತಿಗೆ" ಎಂದು ವನಜಾಕ್ಷಿ ಅಂದದ್ದೇ ನೆಪವಾಗಿ ಇಬ್ಬರ ಮಾತು ನಿಂತುಹೋಗಿತ್ತು.

"ಹುಳಿ ಸರಿಯಾಗೇ ಇತ್ತು," ಎಂದಳು ವನಜಾಕ್ಷಿ, ತನ್ನಷ್ಟಕ್ಕೇ. "ಅತ್ತಿಗೆ ಇದ್ದಿದ್ರೆ ಇವತ್ತು ನಂಗೆ ಈ ಗತಿ ಬರ್ತಿತ್ತಾ. ಯಾವ ಮುಖ ಇಟ್ಕೊಂಡು ಕರೀಲಿ?"

ಮಸಾಲೆ ಡಬ್ಬಿಯ ಪಕ್ಕ ಒಂದು ಕೆಂಪು ದೀಪ ಮಿಟುಕಿತು.

ಮೊದಲು ಬಂದದ್ದು ಅಗ್ನಿಶಾಮಕದವರು. ಹೊಗೆಯ ಸುದ್ದಿಯನ್ನು ಯಂತ್ರ ಅವರಿಗೂ ಮುಟ್ಟಿಸಿತ್ತು. ಪೈಪು ಹಿಡಿದು ಅಡುಗೆಮನೆಗೆ ನುಗ್ಗಿದ ಅಧಿಕಾರಿ, ಬಾಣಲೆ ಕಂಡು ನಿಂತ. "ಬೆಂಕಿ ಎಲ್ಲಮ್ಮ?"

"ಸಾಸಿವೆ ಸೀದಿದ್ದು ಸ್ವಾಮಿ."

ಅವನು ಪೈಪು ಸುತ್ತಿಕೊಳ್ಳುತ್ತಿರುವಾಗ ಬಾಗಿಲಲ್ಲಿ ಆಟೋ ನಿಂತಿತು. ಗೊಜ್ಜಿನ ಭರಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಭಾಗೀರಥಿ ಇಳಿದಳು. ಪೈಪನ್ನು ದಾಟಿ ನೇರ ಒಲೆಯ ಹತ್ತಿರ ಬಂದು ಸೆರಗು ಸಿಕ್ಕಿಸಿದಳು.

"ಹುಳಿ ಸರಿಯಾಗಿತ್ತು ಅಂತ ನೀನೇ ಫೋನಲ್ಲಿ ಹೇಳ್ದೆ. ಸದ್ಯ, ಎರಡು ವರ್ಷಕ್ಕಾದ್ರೂ ಬಾಯಿಗೆ ಬಂತಲ್ಲ."

"ನಾನು ಫೋನ್…" ಎಂದ ವನಜಾಕ್ಷಿ ಯಂತ್ರದ ಕಡೆ ನೋಡಿ, ಮಾತು ನುಂಗಿಕೊಂಡಳು. "ಹೌದು ಅತ್ತಿಗೆ. ನಾನೇ ಹೇಳಿದ್ದು."

"ಅಳ್ಬೇಡ. ಅನ್ನ ಆರಕ್ಕೆ ಹಾಕು."

ಆಮೇಲೆ ಕೈಗೆ ಕೈ ಸೇರಿತು. ಅಗ್ನಿಶಾಮಕದವರು ತೆಂಗಿನಕಾಯಿ ತುರಿದರು, ಚಂದ್ರಮೌಳಿ ಎಲೆ ಒರೆಸಿದ. ನಾಮಕರಣದ ಮನೆಗೆ ಊಟ ಹೊತ್ತಿಗೆ ಸರಿಯಾಗಿ ಅಗ್ನಿಶಾಮಕದವರ ಕೆಂಪು ಲಾರಿಯಲ್ಲೇ ಹೋಯಿತು, ಗಂಟೆ ಬಾರಿಸಿಕೊಂಡು. ಪುಳಿಯೋಗರೆ ತಿಂದವರು ಅಲ್ಲೇ ಮುಂದಿನ ತಿಂಗಳ ಗೃಹಪ್ರವೇಶಕ್ಕೆ ಹೇಳಿ ಹೋದರು. ಸಮಯ ಕೇಳಿದ್ದ ಪಿಂಚಣಿದಾರರೂ ಸಮಯಕ್ಕೆ ಸರಿಯಾಗಿ ಮನೆಗೆ ಬಂದಿದ್ದರಿಂದ, ಅತ್ತಿಗೆ ನಾದಿನಿ ಇನ್ನೊಂದು ಹಂಡೆ ಅನ್ನ, ಒಂದು ಪಾತ್ರೆ ಪಾಯಸ ಒಲೆಗೆ ಇಡಬೇಕಾಯಿತು.

ಅಷ್ಟರಲ್ಲಿ ಲಾರಿಯ ಡ್ರೈವರ್ ಏದುಸಿರು ಬಿಡುತ್ತಾ ಬಂದ.

"ಸಾರ್, ನಮ್ಮ ಗಾಡಿ ವೈರ್‌ಲೆಸ್ಸು ಈಯಮ್ಮನ ದನೀಲಿ ಮಾತಾಡ್ತಾ ಇದೆ. ಪಾಯಸಕ್ಕೆ ಏಲಕ್ಕಿ ಹಾಕಿಲ್ಲ ಅಂತಿದೆ."

ಭಾಗೀರಥಿ ಒಲೆಯ ಮೇಲಿನ ಪಾಯಸವನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡಳು.

"ಮೌಳಿ," ಎಂದಳು ತಮ್ಮನಿಗೆ, "ಅದನ್ನ ಆರಿಸಬೇಡ. ಏಲಕ್ಕಿ ನಿಜವಾಗ್ಲೂ ಹಾಕಿಲ್ಲ."