ರಾಜನಿಲ್ಲದ ಕಾಲದ ಮಡಕೆ

ಉತ್ಖನನ ಕಚೇರಿಯ ಮುಖ್ಯಸ್ಥರು ನಿವೃತ್ತರಾಗಿ ಹೋದ ಮೇಲೆ ಉಗ್ರಾಣದ ಬೀಗದಕೈ ಉಗ್ರಾಣದವನ ಸೊಂಟದಲ್ಲೇ ಉಳಿದುಬಿಟ್ಟಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಚೂರಪ್ಪನಿಗೆ ಅಂದು ಒಂದು ಮಡಕೆ ಬೇಕಿತ್ತು. ಸದಾ ಮಡಕೆಚೂರು ಹಿಡಿದು ಕೂರುವುದರಿಂದ ಕಚೇರಿಯವರು ಅವನಿಗಿಟ್ಟ ಹೆಸರದು. ಒಂದು ಸಾಮ್ರಾಜ್ಯ ಬಿದ್ದು ಇನ್ನೊಂದು ಏಳುವವರೆಗಿನ ನಡುಗಾಲ ಅವನ ವಿಷಯ. ಕತ್ತಲೆಯ ಕಾಲವೆಂದು ಉಳಿದವರು ಮೂಗು ಮುರಿದರೆ, ಜನ ರಾಜನಿಲ್ಲದೆಯೂ ನೆಟ್ಟಗೇ ಬಾಳಿದರು ಎಂದು ಅವನು ವಾದಿಸುತ್ತಿದ್ದ. ಆ ಮಡಕೆಯೇ ಸಾಕ್ಷಿ: ಒಂದೂರಿನ ಮಣ್ಣು, ಇನ್ನೊಂದೂರಿನ ಮುಚ್ಚಳ, ಒಳಗೆ ಮೂರನೆಯ ಊರಿನ ಉಪ್ಪಿನ ಕಲೆ.

ಮಧ್ಯಾಹ್ನ ಕೇಂದ್ರ ಕಚೇರಿಯ ಮೇಡಂ ಬರುವವರಿದ್ದರು. ಅವನ ವಾದ ಅವರಿಗೆ ಹಿಡಿಸಿದರೆ ಅವನೇ ಹೊಸ ಮುಖ್ಯಸ್ಥ. ಹೆಂಡತಿಯಂತೂ ‘ಮುಖ್ಯಸ್ಥರು’ ಎಂದಷ್ಟೇ ಕೆತ್ತಿಸಿದ ಹಿತ್ತಾಳೆ ಫಲಕವನ್ನು ಅವನ ಚೀಲಕ್ಕೆ ತುರುಕಿ, ಸಂಜೆ ಬಾಗಿಲಿಗೆ ಹೊಡೆದೇ ಬರಬೇಕೆಂದು ಕಳಿಸಿದ್ದಳು.

ಉಗ್ರಾಣದವನು ಹೊಸ ಅಳಿಯನ ಹಾಗೆ ಕಾಲು ಚಾಚಿ ಕೂತಿದ್ದ. ಸೆಕೆಗೆ ಬೀಗ ತೆರೆಯಲು ಕೈ ಬರುವುದಿಲ್ಲವೆಂದ. ಚೂರಪ್ಪನ ಟೇಬಲ್ ಫ್ಯಾನು ಉಗ್ರಾಣ ಸೇರಿತು. ಬಾಗಿಲೇನೋ ತೆರೆಯಿತು, ಆದರೆ ಮಡಕೆ ಅಟ್ಟದ ಮೇಲಿತ್ತು, ಏಣಿ ಡ್ರೈವರನ ವಶದಲ್ಲಿತ್ತು. ಡ್ರೈವರನಿಗೆ ಜೀಪಿನ ನೆರಳಲ್ಲಿ ಕೂರಲೊಂದು ಕುರ್ಚಿ ಬೇಕಿತ್ತು. ಚೂರಪ್ಪನ ಕುರ್ಚಿ ಹೋಯಿತು, ಏಣಿ ಬಂತು. ಮಡಕೆ ಇಳಿಸಿ ನೋಡಿದರೆ ಮುಚ್ಚಳವಿಲ್ಲ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಕಚೇರಿಯೆಲ್ಲ ಸುತ್ತಿದ. ಕೊನೆಗೆ ನಕ್ಷೆ ಬರೆಯುವ ಅಕ್ಕನ ಮೇಜಿನ ಮೇಲೆ ಅದು ಅಂಗಾತ ಬಿದ್ದಿತ್ತು, ಹೊಟ್ಟೆ ತುಂಬ ಗುಂಡುಪಿನ್ನು.

"ಅಕ್ಕಾ, ಅದು ಸಾವಿರಾರು ವರ್ಷ ಹಳೇದು."

"ಅದಕ್ಕೇ ಗಟ್ಟಿಯಾಗಿದೆ ಕಣಪ್ಪ. ಕಿಟಕಿ ಪಕ್ಕದ ನಿನ್ನ ಮೇಜು ಬಿಟ್ಕೊಡು, ತಗೊಂಡು ಹೋಗು."

ಮೇಜೂ ಹೋಯಿತು.

ಮೇಡಂ ಬಂದಾಗ ಚೂರಪ್ಪ ಖಾಲಿ ಕೋಣೆಯ ನಡುವೆ ಮಡಕೆ ತಬ್ಬಿಕೊಂಡು ನಿಂತಿದ್ದ. ನಿಂತೇ ಮಾತಾಡಿದ, ಬೆವರುತ್ತ ಮಾತಾಡಿದ. ಮೇಡಂ ಮುಚ್ಚಳ ತೆಗೆದು, ಉಪ್ಪಿನ ಕಲೆ ಮುಟ್ಟಿ, ಹುಬ್ಬೇರಿಸಿದರು.

"ಮೇಲೆ ಯಾರೂ ಇಲ್ದೇ ಇಷ್ಟೆಲ್ಲ ಕೊಡೋದು ತಗೊಳ್ಳೋದು ನಡೀತಿತ್ತಾ?"

"ನಡೀತಿತ್ತು ಮೇಡಂ. ತಲೆ ಮೇಲೆ ಒಬ್ಬ ಇರಲೇಬೇಕು ಅನ್ನೋದು ನಮ್ಮ ಭ್ರಮೆ."

ಮೇಡಂ ಕಿಟಕಿಯಾಚೆ ನೋಡಿದರು. ಜೀಪಿನ ಪಕ್ಕ ಡ್ರೈವರ್ ಕುರ್ಚಿಯಲ್ಲಿ ಸುಖವಾಗಿ ಒರಗಿದ್ದ.

"ಕಣ್ಣು ತೆರೆಸಿದ್ರಿ. ನಿಮ್ಮ ಕಚೇರೀನೂ ಇಷ್ಟು ದಿನ ಹಾಗೇ ನಡೆದಿದೆಯಲ್ಲ. ಆ ಮುಖ್ಯಸ್ಥರ ಹುದ್ದೇನೇ ತೆಗೆದುಹಾಕ್ತೀನಿ."

ಚೂರಪ್ಪ ಬಾಯಿ ತೆರೆದ. ಬೇಡವೆಂದರೆ ತನ್ನ ವಾದವನ್ನು ತಾನೇ ಅಲ್ಲಗಳೆದಂತೆ. ಮೇಡಂ ಕೈಕುಲುಕಿ ಹೊರಟೇಬಿಟ್ಟರು.

ಮಡಕೆಯನ್ನು ಹಿಂದಿರುಗಿಸಲು ಹೋದರೆ ಉಗ್ರಾಣದವನು ಫ್ಯಾನಿನ ಗಾಳಿಗೆ ಮುಖವೊಡ್ಡಿಕೊಂಡೇ ಕೇಳಿದ: "ಒಳಗಿಟ್ಕೋಬೇಕಾದ್ರೆ ಏನು ಕೊಡ್ತೀರಿ ಸಾರ್?"

ಕೊಡಲು ಉಳಿದದ್ದು ಚೀಲದಲ್ಲಿದ್ದ ಒಂದೇ ವಸ್ತು.

ಸಂಜೆ ಹೆಂಡತಿಯ ಫೋನ್ ಬಂತು, ಫಲಕ ಬಾಗಿಲಿಗೆ ಬಿತ್ತೇ ಎಂದು. ಚೂರಪ್ಪ ತಲೆಯೆತ್ತಿ ನೋಡಿದ. ಉಗ್ರಾಣದ ಬಾಗಿಲ ಮೇಲೆ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಅದರ ಮುಂದೆ ಡ್ರೈವರ್ ಕೈಕಟ್ಟಿ ನಿಂತು ಉಗ್ರಾಣದವನ ಬಳಿ ರಜೆ ಕೇಳುತ್ತಿದ್ದ.

"ಬಿತ್ತು ಕಣೇ" ಎಂದು ಫೋನಿಟ್ಟು, ಚೂರಪ್ಪ ಡ್ರೈವರನ ಹಿಂದೆ ಹೋಗಿ ನಿಂತ. ಅವನಿಗೂ ನಾಳೆ ರಜೆ ಬೇಕಿತ್ತು.